ಕೌಂಟಿ ಕ್ರಿಕೆಟ್‌ನಲ್ಲಿ ವಿದೇಶಿ ಆಟಗಾರರ ಮಿತಿ ಮತ್ತು ಕರ್ನಾಟಕದ ಆಟಗಾರರು

ಇಂಗ್ಲೆಂಡಿನ ಕೌಂಟಿ ತಂಡವೊಂದು ಹೊರದೇಶದ ಎಷ್ಟು ಮಂದಿಯನ್ನು ಆಡಿಸಬಹುದು, ಯಾರನ್ನು ವಿದೇಶಿಯರೆಂದು ಲೆಕ್ಕ ಹಿಡಿಯಬೇಕು, ಅವರು ಬ್ರಿಟನ್ನಿನಲ್ಲಿ ಸಂಬಳ ಪಡೆದು ಆಡಲು ಯಾವ ಪರವಾನಗಿ ಬೇಕು ಎಂಬ ನಿಯಮಗಳಿಗೆ ಸುಮಾರು ಒಂದೂವರೆ ಶತಮಾನದ ಇತಿಹಾಸವಿದೆ. ಮೈಸೂರಿನ ಜಾವಗಲ್ ಶ್ರೀನಾಥ್, ಬೆಂಗಳೂರಿನ ಅನಿಲ್ ಕುಂಬ್ಳೆ, ರಾಹುಲ್ ದ್ರಾವಿಡ್, ಕರುಣ್ ನಾಯರ್, ಮಯಾಂಕ್ ಅಗರವಾಲ್ ಇವರೆಲ್ಲ ಕೌಂಟಿ ಆಡಿದ್ದು ಈ ನಿಯಮಗಳು ಬಿಟ್ಟುಕೊಟ್ಟ ಜಾಗದಲ್ಲಿ. ಅವರು ಕಿತ್ತ ವಿಕೆಟ್, ಹೊಡೆದ ರನ್ ಅಭಿಮಾನಿಗಳ ಬಾಯಲ್ಲಿವೆ. ಆ ಜಾಗ ತೆರವಾದದ್ದು ಹೇಗೆ ಎಂಬುದು ಮಾತ್ರ ಕನ್ನಡದಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ.

ಮೊದಲ ಬೇಲಿ ದೇಶದ್ದಾಗಿರಲಿಲ್ಲ, ಜಿಲ್ಲೆಯದಾಗಿತ್ತು. 1873ರಲ್ಲಿ ಕೌಂಟಿಗಳು ಒಂದು ಕಟ್ಟಳೆ ಮಾಡಿಕೊಂಡವು: ಆಟಗಾರ ಆ ಕೌಂಟಿಯಲ್ಲಿ ಹುಟ್ಟಿರಬೇಕು, ಇಲ್ಲವೇ ಅಲ್ಲಿ ಎರಡು ವರ್ಷ ವಾಸವಿರಬೇಕು, ಒಂದೇ ಋತುವಿನಲ್ಲಿ ಎರಡು ಕೌಂಟಿಗೆ ಆಡುವಂತಿಲ್ಲ. ಆಸ್ಟ್ರೇಲಿಯಾದ ಆಲ್ಬರ್ಟ್ ಟ್ರಾಟ್ ಮಿಡ್ಲ್‌ಸೆಕ್ಸ್ ಸೇರುವ ಮೊದಲು ಈ ವಾಸದ ಅವಧಿಯನ್ನು ಮುಗಿಸಬೇಕಾಯಿತು. ರಣಜಿತ್‌ಸಿಂಹಜಿ 1895ರಲ್ಲಿ ಸಸೆಕ್ಸ್‌ಗೆ ಆಡತೊಡಗಿದ್ದು ಇಂಗ್ಲೆಂಡಿನಲ್ಲಿ ಕೆಲ ವರ್ಷ ಕಳೆದ ಮೇಲೆಯೇ. ಅಷ್ಟು ಕಾಯಲಾಗದ ವೃತ್ತಿಪರರು ಲ್ಯಾಂಕಾಷೈರ್ ಲೀಗಿನ ಕಡೆ ಹೊರಟರು. ಅಲ್ಲಿ ಪ್ರತಿ ಕ್ಲಬ್ಬು ಒಬ್ಬ ವೃತ್ತಿಪರನನ್ನು ಇಟ್ಟುಕೊಳ್ಳುತ್ತಿತ್ತು. ಅಮರ್ ಸಿಂಗ್ ಕೋಲ್ನ್‌ಗೆ, ಲಾಲಾ ಅಮರನಾಥ್ ನೆಲ್ಸನ್‌ಗೆ ಆಡಿದ್ದು ಹೀಗೆ.

ಬೇಲಿ ತೆರೆದದ್ದು 1968ರಲ್ಲಿ. ಮೈದಾನಕ್ಕೆ ಬರುವ ಜನ ಕಡಿಮೆಯಾಗಿ ಕೌಂಟಿಗಳ ಬೊಕ್ಕಸ ಬರಿದಾಗುತ್ತಿತ್ತು. ವಾಸದ ಷರತ್ತಿಲ್ಲದೆ ತಕ್ಷಣ ಒಬ್ಬ ವಿದೇಶಿ ಆಟಗಾರನನ್ನು ನೋಂದಾಯಿಸಿಕೊಳ್ಳಬಹುದು ಎಂದಾಯಿತು. ಗ್ಯಾರಿ ಸೋಬರ್ಸ್ ನಾಟಿಂಗ್‌ಹ್ಯಾಂಷೈರ್‌ಗೆ, ಮುಂಬೈನ ಫಾರೂಕ್ ಎಂಜಿನಿಯರ್ ಲ್ಯಾಂಕಾಷೈರ್‌ಗೆ, ಮೈಕ್ ಪ್ರಾಕ್ಟರ್ ಗ್ಲೌಸ್ಟರ್‌ಷೈರ್‌ಗೆ ಬಂದರು. ಅದೇ ವರ್ಷದ ಆಗಸ್ಟ್ 31ರಂದು ಸ್ವಾನ್‌ಸೀಯಲ್ಲಿ ಸೋಬರ್ಸ್ ಒಂದೇ ಓವರಿನಲ್ಲಿ ಆರು ಸಿಕ್ಸರ್ ಬಾರಿಸಿ, ಹೊಸ ನಿಯಮದಿಂದ ಪ್ರೇಕ್ಷಕರಿಗೆ ಏನು ಸಿಕ್ಕಿತೆಂದು ತೋರಿಸಿಕೊಟ್ಟರು. ಆಮೇಲೆ ಬಿಷನ್ ಸಿಂಗ್ ಬೇಡಿ, ವೆಂಕಟರಾಘವನ್, ಗಾವಸ್ಕರ್, ಕಪಿಲ್ ದೇವ್ ಕೂಡ ಹೋದರು. ಕಾಲಕ್ರಮೇಣ ಕೌಂಟಿಗಳಲ್ಲಿ ಒಬ್ಬರಿಗಿಂತ ಹೆಚ್ಚು ವಿದೇಶಿಯರು ಸೇರಿ ಇಂಗ್ಲೆಂಡಿನ ಹುಡುಗರಿಗೆ ಜಾಗವಿಲ್ಲದಂತಾಯಿತು ಎಂಬ ದೂರು ಎದ್ದಾಗ ಸಂಖ್ಯೆಯನ್ನು ಹಂತಹಂತವಾಗಿ ಇಳಿಸಿ, 1990ರ ದಶಕದ ಹೊತ್ತಿಗೆ ಕೌಂಟಿಗೆ ಒಬ್ಬರೇ ಎಂಬಲ್ಲಿಗೆ ತರಲಾಯಿತು. ಯಾರ್ಕ್‌ಷೈರ್ ಅಂತೂ ತನ್ನ ನೆಲದಲ್ಲಿ ಹುಟ್ಟಿದವರನ್ನು ಬಿಟ್ಟು ಬೇರೆಯವರನ್ನು ಆಡಿಸುತ್ತಿರಲಿಲ್ಲ. 1992ರಲ್ಲಿ 19ರ ಸಚಿನ್ ತೆಂಡೂಲ್ಕರ್ ಅದರ ಮೊದಲ ವಿದೇಶಿ ಆಟಗಾರರಾದರು.

ಒಂದೇ ಜಾಗ ಎಂದರೆ ಅದನ್ನು ಹಿಡಿದವರು ಸುಲಭಕ್ಕೆ ಬಿಡುವುದಿಲ್ಲ. ಗ್ಲೌಸ್ಟರ್‌ಷೈರ್‌ನ ಜಾಗ ಕರ್ಟ್ನಿ ವಾಲ್ಶ್ ಅವರದು, ನಾರ್ಥಾಂಪ್ಟನ್‌ಷೈರ್‌ನದು ಕರ್ಟ್ಲಿ ಆಂಬ್ರೋಸ್ ಅವರದು. 1995ರ ಬೇಸಿಗೆಯಲ್ಲಿ ವೆಸ್ಟ್ ಇಂಡೀಸ್ ತಂಡ ಇಂಗ್ಲೆಂಡ್ ಪ್ರವಾಸಕ್ಕೆ ಬಂತು. ಇಬ್ಬರೂ ದೇಶದ ಕರೆಗೆ ಹೋದರು. ಆ ಒಂದು ಋತುವಿಗೆ ಎರಡೂ ಕುರ್ಚಿ ಖಾಲಿಯಾದವು. ಎರಡಕ್ಕೂ ಬಂದವರು ಕರ್ನಾಟಕದ ಬೌಲರುಗಳೇ.

ಶ್ರೀನಾಥ್ ಮೈಸೂರಿನ ಮರಿಮಲ್ಲಪ್ಪ ಶಾಲೆಯಲ್ಲಿ ಓದಿ, ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಿಂದ ಬಂದವರು. 1989-90ರಲ್ಲಿ ಹೈದರಾಬಾದ್ ವಿರುದ್ಧ ಕರ್ನಾಟಕದ ಪರ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದಿದ್ದರು. 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್‌ಗೆ ಕಾಲಿಟ್ಟರೂ, ಸ್ಪಿನ್ನರುಗಳ ಕಾಲವಾದ್ದರಿಂದ ಭಾರತದ ನೆಲದಲ್ಲಿ ಮೊದಲ ಟೆಸ್ಟ್ ಸಿಕ್ಕಿದ್ದು 1994ರ ನವೆಂಬರಿನಲ್ಲಿ. ಬೌಲಿಂಗಿಗಾಗಿ ಹಸಿದಿದ್ದ ಅಂಥವರಿಗೆ ಗ್ಲೌಸ್ಟರ್‌ಷೈರ್ ಒಂದಿಡೀ ಬೇಸಿಗೆ ಚೆಂಡು ಕೊಟ್ಟಿತು. ಅವರು 87 ವಿಕೆಟ್ ತೆಗೆದರು. ನಾರ್ಥಾಂಪ್ಟನ್‌ಷೈರ್‌ನಲ್ಲಿ ಕುಂಬ್ಳೆ ತೆಗೆದದ್ದು 105, ಆ ವರ್ಷ ಇಂಗ್ಲೆಂಡಿನಲ್ಲಿ ಎಲ್ಲರಿಗಿಂತ ಹೆಚ್ಚು. ಮುಂದಿನ ವರ್ಷ ವಾಲ್ಶ್, ಆಂಬ್ರೋಸ್ ಹಿಂದಿರುಗಿದರು. ಬಾಡಿಗೆಯ ಅವಧಿ ಮುಗಿದಂತೆ ಕರ್ನಾಟಕದ ಇಬ್ಬರೂ ಜಾಗ ಬಿಟ್ಟುಕೊಟ್ಟರು. ಒಂದು ಋತುವಿನಲ್ಲಿ ನೂರೈದು ವಿಕೆಟ್ ತೆಗೆದವರಿಗೂ ಮರುವರ್ಷದ ಖಾತರಿ ಇರಲಿಲ್ಲ ಎಂಬುದರಲ್ಲೇ ಆ ನಿಯಮದ ಬಿಗಿ ಕಾಣುತ್ತದೆ.

ವಿದೇಶಿ ಎಂದರೆ ಯಾರು ಎಂಬ ಪ್ರಶ್ನೆಗೆ ಅದೇ ಋತುವಿನ ಒಂದು ಪಂದ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ವೇಲ್ಸಿನ ಅಬರ್ಗವೆನ್ನಿಯಲ್ಲಿ ಗ್ಲಾಮೋರ್ಗನ್ ವಿರುದ್ಧ ಗ್ಲೌಸ್ಟರ್‌ಷೈರ್ ಆಡಿತು. ಆ್ಯಂಡ್ರೂ ಸೈಮಂಡ್ಸ್ ಅಜೇಯ 254 ರನ್ನಿನಲ್ಲಿ 16 ಸಿಕ್ಸರ್ ಸಿಡಿಸಿ ಅಂದಿನ ವಿಶ್ವದಾಖಲೆ ಮಾಡಿದರು. ಶ್ರೀನಾಥ್ ಒಂದು ಇನಿಂಗ್ಸ್‌ನಲ್ಲಿ 76 ರನ್ನಿಗೆ 9 ವಿಕೆಟ್ ಕಿತ್ತರು. ಅವರ ಪ್ರಥಮ ದರ್ಜೆಯ ಅತ್ಯುತ್ತಮ ಸಾಧನೆ ಅದೇ. ಇಬ್ಬರೂ ದೂರದಿಂದ ಬಂದವರು, ಒಂದೇ ತಂಡದವರು. ಆದರೆ ವಿದೇಶಿಯರ ಲೆಕ್ಕಕ್ಕೆ ಸೇರಿದ್ದು ಶ್ರೀನಾಥ್ ಮಾತ್ರ. ಸೈಮಂಡ್ಸ್ ಬೆಳೆದದ್ದು ಆಸ್ಟ್ರೇಲಿಯಾದಲ್ಲಾದರೂ ಹುಟ್ಟಿದ್ದು ಬರ್ಮಿಂಗ್‌ಹ್ಯಾಂನಲ್ಲಿ, ಹಾಗಾಗಿ ಅವರು ಸ್ಥಳೀಯರಾಗಿಯೇ ಆಡಿದರು. ಆ ಚಳಿಗಾಲ ಇಂಗ್ಲೆಂಡ್ ‘ಎ’ ತಂಡಕ್ಕೆ ಬಂದ ಆಯ್ಕೆಯನ್ನು ಅವರು ಒಲ್ಲೆನೆಂದು ಆಸ್ಟ್ರೇಲಿಯಾವನ್ನೇ ಆರಿಸಿಕೊಂಡರು. 1999ರಲ್ಲಿ ಕೆಂಟ್‌ಗೆ ಆಡಲು ಬಂದಾಗ ಅದೇ ಸೈಮಂಡ್ಸ್ ವಿದೇಶಿ ಆಟಗಾರ!

ಕೆಂಟ್‌ನ ಆ ಜಾಗ 2000ದಲ್ಲಿ ದ್ರಾವಿಡ್ ಅವರಿಗೆ ದೊರೆಯಿತು. ಪೋರ್ಟ್ಸ್‌ಮತ್‌ನಲ್ಲಿ ಶೇನ್ ವಾರ್ನ್ ಇದ್ದ ಹ್ಯಾಂಪ್‌ಷೈರ್ ಎದುರು ಅವರು 137 ಹೊಡೆದರು. ಅದೇ ವರ್ಷ ಕುಂಬ್ಳೆ ಲೆಸ್ಟರ್‌ಷೈರ್‌ಗೆ ಆಡಿದರು. 2003ರಲ್ಲಿ ಇಂಗ್ಲಿಷ್ ಕೌಂಟಿಗಳ ಏಕದಿನ ಲೀಗಿಗೆ ಸ್ಕಾಟ್ಲೆಂಡ್ ತಂಡ ಸೇರಿದಾಗ ಅದರ ವಿದೇಶಿ ಆಟಗಾರರಾಗಿ ಹೋದವರು ಮತ್ತೆ ದ್ರಾವಿಡ್. ಶ್ರೀನಾಥ್ ಕೂಡ 2002ರಲ್ಲಿ ಲೆಸ್ಟರ್‌ಷೈರ್, ಮರುವರ್ಷ ಡರ್ಹ್ಯಾಂ ಪರ ಆಡಿದರು.

2003 ನಿಯಮಗಳ ಇತಿಹಾಸದಲ್ಲೂ ದೊಡ್ಡ ವರ್ಷ. ಕೌಂಟಿಗೆ ಇಬ್ಬರು ವಿದೇಶಿಯರೆಂದು ಮಿತಿ ಏರಿತು. ಅದಕ್ಕಿಂತ ದೊಡ್ಡ ಬದಲಾವಣೆ ಕ್ರಿಕೆಟ್ಟಿಗೆ ಸಂಬಂಧವೇ ಇಲ್ಲದ ಒಂದು ಮೊಕದ್ದಮೆಯಿಂದ ಬಂತು. ಜರ್ಮನಿಯಲ್ಲಿ ಹ್ಯಾಂಡ್‌ಬಾಲ್ ಆಡುತ್ತಿದ್ದ ಸ್ಲೊವಾಕಿಯಾದ ಗೋಲ್‌ಕೀಪರ್ ಮಾರೋಸ್ ಕೋಲ್ಪಾಕ್, ತನ್ನನ್ನು ವಿದೇಶಿಯರ ಕೋಟಾಕ್ಕೆ ಸೇರಿಸಿದ್ದು ಅನ್ಯಾಯವೆಂದು ಯುರೋಪಿಯನ್ ನ್ಯಾಯಾಲಯಕ್ಕೆ ಹೋಗಿದ್ದ. ಮೇ 8ರಂದು ತೀರ್ಪು ಅವನ ಪರ ಬಂತು: ಯುರೋಪಿಯನ್ ಒಕ್ಕೂಟದೊಡನೆ ಸಹಯೋಗ ಒಪ್ಪಂದವಿರುವ ದೇಶದವನು ಒಕ್ಕೂಟದೊಳಗೆ ಕಾನೂನುಬದ್ಧವಾಗಿ ದುಡಿಯುತ್ತಿದ್ದರೆ ಅವನಿಗೆ ಕೋಟಾ ಅನ್ವಯಿಸುವಂತಿಲ್ಲ.

ಒಕ್ಕೂಟ ಮಾಡಿಕೊಂಡಿದ್ದ ಕೊಟೊನೂ ಒಪ್ಪಂದದ ಮೂಲಕ ಈ ಸೌಲಭ್ಯ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ ಮತ್ತು ಕೆರಿಬಿಯನ್ ದೇಶಗಳವರಿಗೆ ಸಿಕ್ಕಿತು. 2004ರಲ್ಲಿ ಲೆಸ್ಟರ್‌ಷೈರ್ ಸೇರಿದ ಕ್ಲಾಡ್ ಹೆಂಡರ್ಸನ್ ಮೊದಲ ‘ಕೋಲ್ಪಾಕ್ ಕ್ರಿಕೆಟಿಗ’. ಅವರ ಹಿಂದೆ ದಕ್ಷಿಣ ಆಫ್ರಿಕಾದ ಆಟಗಾರರ ಸಾಲೇ ಬಂತು. ಉತ್ತರ ಇಂಗ್ಲೆಂಡಿನ ರಗ್ಬಿ ಲೀಗಿನಲ್ಲೂ ಹೀಗೇ ಆಯಿತು. ಫಿಜಿ, ಟೋಂಗಾ, ಸಮೋವಾ, ಪಪುವಾ ನ್ಯೂಗಿನಿಯವರು ಕೋಟಾದಿಂದ ಪಾರಾದರು, ಆಸ್ಟ್ರೇಲಿಯನ್ನರು ಒಳಗೇ ಉಳಿದರು. ಕ್ರಿಕೆಟ್ಟಿನಲ್ಲಿ ಆಸ್ಟ್ರೇಲಿಯನ್ನರ ಜೊತೆ ಹಾಗೆ ಉಳಿದವರು ಭಾರತೀಯರು. ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿದ ದೇಶವಲ್ಲ. ಹಾಗಾಗಿ ಕೋಲ್ಪಾಕ್ ಕಾಲವಿಡೀ ಕರ್ನಾಟಕದ ಆಟಗಾರ ಹಳೆಯ ಇಕ್ಕಟ್ಟಿನ ಬಾಗಿಲಲ್ಲೇ ಹೋಗಬೇಕಿತ್ತು. 2008ರಲ್ಲಿ ಕೌಂಟಿ ಚಾಂಪಿಯನ್‌ಷಿಪ್‌ನ ಮಿತಿ ಮತ್ತೆ ಒಂದಕ್ಕೆ ಇಳಿದಾಗ ಆ ಬಾಗಿಲು ಇನ್ನೂ ಕಿರಿದಾಯಿತು. ಪ್ರತಿಭೆಯನ್ನು ಅಳೆಯದೆ ವ್ಯಾಪಾರ ಒಪ್ಪಂದದ ಪಟ್ಟಿ ನೋಡಿ ಆಟಗಾರರನ್ನು ವಿಂಗಡಿಸಿದ ಈ ವ್ಯವಸ್ಥೆಯನ್ನು ನ್ಯಾಯವೆನ್ನಲಾಗದು. ಬ್ರೆಕ್ಸಿಟ್‌ನಿಂದಾಗಿ 2020ರ ಡಿಸೆಂಬರ್ 31ಕ್ಕೆ ಅದು ಕೊನೆಗೊಂಡಿತು. 2021ರಿಂದ ಚಾಂಪಿಯನ್‌ಷಿಪ್‌ನಲ್ಲಿ ಕೌಂಟಿಗೆ ಇಬ್ಬರು ವಿದೇಶಿಯರು.

ಸಂಖ್ಯೆಯ ಮಿತಿ ಕ್ರಿಕೆಟ್ ಮಂಡಳಿಯದು, ವೀಸಾ ಸರ್ಕಾರದ್ದು. 2008ರಲ್ಲಿ ಬ್ರಿಟನ್ ಅಂಕ ಆಧಾರಿತ ವಲಸೆ ಪದ್ಧತಿ ತಂದ ಮೇಲೆ ಎರಡೂ ಹೆಣೆದುಕೊಂಡವು. ಆಟಗಾರನನ್ನು ಕರೆಸುವ ಕ್ಲಬ್ಬು ಪ್ರಾಯೋಜಕನ ಪರವಾನಗಿ ಹೊಂದಿರಬೇಕು. ಆ ಕ್ರೀಡೆಯ ಆಡಳಿತ ಮಂಡಳಿ, ಅಂದರೆ ಕ್ರಿಕೆಟ್ಟಿನಲ್ಲಿ ಇಸಿಬಿ, ಈತ ಉನ್ನತ ಮಟ್ಟದ ಆಟಗಾರನೆಂದು ದೃಢೀಕರಣ ಪತ್ರ ಕೊಡಬೇಕು. ಅದಿಲ್ಲದೆ ವೀಸಾ ಅರ್ಜಿ ಮುಂದೆ ಹೋಗುವುದಿಲ್ಲ. 2021ರ ಅಕ್ಟೋಬರಿನಲ್ಲಿ ಹಿಂದಿನ ಎರಡು ಬಗೆಯ ಕ್ರೀಡಾ ವೀಸಾಗಳನ್ನು ಸೇರಿಸಿ ಅಂತರರಾಷ್ಟ್ರೀಯ ಕ್ರೀಡಾಪಟು ವೀಸಾ ಎಂಬ ಒಂದೇ ದಾರಿ ಮಾಡಲಾಯಿತು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರುವವರು ಇಂಗ್ಲಿಷ್ ಭಾಷಾಜ್ಞಾನವನ್ನೂ ತೋರಿಸಬೇಕು.

ಭಾರತದ ಆಟಗಾರನಿಗೆ ಇದರ ಮೇಲೆ ಬಿಸಿಸಿಐ ಕೊಡುವ ನಿರಾಕ್ಷೇಪಣಾ ಪತ್ರವೂ (ಎನ್‌ಒಸಿ) ಬೇಕು. ನಿವೃತ್ತರಾಗದ ಪುರುಷ ಆಟಗಾರರು ವಿದೇಶಿ ಟಿ20 ಲೀಗುಗಳಲ್ಲಿ ಆಡಲು ಮಂಡಳಿ ಒಪ್ಪುವುದಿಲ್ಲ. ಕೌಂಟಿಗೆ ಮಾತ್ರ ಕಳುಹಿಸುತ್ತದೆ. ಹೀಗಾಗಿ ರಾಷ್ಟ್ರೀಯ ತಂಡದಿಂದ ಹೊರಬಿದ್ದವರಿಗೆ ಕೌಂಟಿಯೇ ಮರುಪರೀಕ್ಷೆಯ ಕಣ. ಚೆನ್ನೈಯಲ್ಲಿ 2016ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಹೊಡೆದ ಕರುಣ್ ನಾಯರ್, 2017ರ ಮಾರ್ಚ್ ನಂತರ ಟೆಸ್ಟ್ ಆಡಿರಲಿಲ್ಲ. ಕರ್ನಾಟಕ ತಂಡದಲ್ಲೂ ಜಾಗ ಕಳೆದುಕೊಂಡಿದ್ದರು. 2023ರ ಸೆಪ್ಟೆಂಬರಿನಲ್ಲಿ ನಾರ್ಥಾಂಪ್ಟನ್‌ಷೈರ್‌ಗೆ ಋತುವಿನ ಕೊನೆಯ ಮೂರು ಪಂದ್ಯಗಳಿಗಷ್ಟೇ ವಿದೇಶಿ ಬ್ಯಾಟರ್ ಬೇಕಾಗಿದ್ದರು. ಹೋದ ಕರುಣ್ ಸರ್ರೆ ವಿರುದ್ಧ 150 ಗಳಿಸಿದರು. ಮರುವರ್ಷ ಮತ್ತೆ ಕರೆ ಬಂತು, ಗ್ಲಾಮೋರ್ಗನ್ ಎದುರು ಅಜೇಯ 202 ಬಂತು.  2025ರ ಜೂನ್‌ನಲ್ಲಿ ಲೀಡ್ಸ್‌ನಲ್ಲಿ ಅವರು ಮತ್ತೆ ಭಾರತದ ಟೆಸ್ಟ್ ತಂಡದಲ್ಲಿದ್ದರು. ಒಂದು ಕಾಲಕ್ಕೆ ಹೊರಗಿನವರಿಗೆ ಕದ ಮುಚ್ಚಿದ್ದ ಯಾರ್ಕ್‌ಷೈರ್ ಪರ ಮಯಾಂಕ್ ಅಗರವಾಲ್ 2025ರ ಸೆಪ್ಟೆಂಬರಿನಲ್ಲಿ ಆಡಿದರು.

ಇವೆಲ್ಲ ಹೆಸರು ಮಾಡಿದವರ ಮಾತು. ತಲಕಾಡು, ತಿ. ನರಸೀಪುರ, ನಂಜನಗೂಡಿನ ಕಡೆಯಿಂದ ಮೈಸೂರಿಗೆ ಅಭ್ಯಾಸಕ್ಕೆ ಹೋಗುವ ಹುಡುಗನಿಗೆ ಹೆಚ್ಚು ತಟ್ಟುವುದು ಇಂಗ್ಲೆಂಡಿನ ಸಣ್ಣ ಕ್ಲಬ್ಬುಗಳ ನಿಯಮ. ಹವ್ಯಾಸಿ ಆಟಗಾರ ಸಂದರ್ಶಕರ ವೀಸಾದಲ್ಲಿ ಹೋಗಿ ಸಂಬಳವಿಲ್ಲದೆ ಕ್ಲಬ್ ಕ್ರಿಕೆಟ್ ಆಡಬಹುದು. ಆದರೆ ಯಾರು ವೃತ್ತಿಪರ ಎಂಬುದಕ್ಕೆ ಬ್ರಿಟನ್ನಿನ ಗೃಹ ಇಲಾಖೆ ಕೊಟ್ಟಿರುವ ವಿವರಣೆ ತುಂಬ ವಿಸ್ತಾರವಾದದ್ದು. ಹಿಂದಿನ ಎರಡು ವರ್ಷಗಳಲ್ಲಿ ದೇಶವನ್ನೋ ರಾಜ್ಯವನ್ನೋ ಪ್ರತಿನಿಧಿಸಿದವನು, ಅದು 17 ವರ್ಷದೊಳಗಿನವರ ತಂಡವಾಗಿದ್ದರೂ, ವೃತ್ತಿಪರನೇ. ಕೈಗೆ ಒಂದು ಪೌಂಡ್ ಬಾರದಿದ್ದರೂ ಅವನಿಗೆ ಕ್ರೀಡಾ ವೀಸಾ ಬೇಕು. ರಾಜ್ಯದ ಕಿರಿಯರ ತಂಡದಲ್ಲಿ ಆಡಿದ ಮಗನನ್ನು ಏಜೆಂಟರ ಮಾತು ಕೇಳಿ ಬೇಸಿಗೆಯ ಕ್ರಿಕೆಟ್ಟಿಗೆ ಕಳುಹಿಸಲು ಹೊರಟ ತಂದೆ-ತಾಯಿ, ಹಣ ಕಟ್ಟುವ ಮೊದಲು ಈ ನಿಯಮವನ್ನು ಬ್ರಿಟಿಷ್ ಸರ್ಕಾರದ ಪ್ರಕಟಣೆಯಲ್ಲೇ ಓದಿ ನೋಡಬೇಕು.