ಸ್ಮಾಲ್ ಬ್ಲಾಕಿನಿಂದ ಡಾಲ್ಫಿನ್ನಿನವರೆಗೆ: ಒಂದು ಎಂಜಿನಿನ ಆಯ್ಕೆ

ವುಡ್‌ಲ್ಯಾಂಡ್ಸ್‌ನ ನಮ್ಮ ಮನೆಯ ಕಿಟಕಿಯಿಂದ ಕಾಸ್‌ವೇಯ ಒಂದು ತುಣುಕು ಕಾಣುತ್ತದೆ. ಶುಕ್ರವಾರದ ಸಂಜೆ ಜೋಹೋರಿನತ್ತ ಹೊರಟ ಕಾರುಗಳ ಕೆಂಪು ದೀಪಗಳು ಅಲ್ಲಿ ಗಂಟೆಗಟ್ಟಲೆ ಕದಲದೆ ನಿಂತಿರುತ್ತವೆ. 1991ರಿಂದ ಸಿಂಗಪುರದ ಕಾರುಗಳು ಮುಕ್ಕಾಲು ಟ್ಯಾಂಕ್ ಇಂಧನವಿಲ್ಲದೆ ಈ ಗಡಿಯನ್ನು ದಾಟುವಂತಿಲ್ಲ. ಇಂಧನದ ಲೆಕ್ಕ, ಎಂಜಿನಿನ ಸಿ.ಸಿ. ಲೆಕ್ಕ, ತೆರಿಗೆಯ ಲೆಕ್ಕ ಈ ಊರಿನ ಕಾರುಳ್ಳವರಿಗೆ ಬಾಯಿಪಾಠ.

ಇಂಥ ಊರಿನಲ್ಲಿ, ಯುಗಾದಿಯ ಕೂಟದಲ್ಲಿ ಒಬ್ಬಟ್ಟಿನ ತಟ್ಟೆ ಹಿಡಿದು ನಿಂತಿದ್ದ ಸದಸ್ಯರೊಬ್ಬರ ಮಗ ನಮ್ಮನ್ನು ಕೇಳಿದ ಪ್ರಶ್ನೆ ವಿಚಿತ್ರವಾಗಿತ್ತು. ಕಡ್ಡಾಯ ಸೈನಿಕ ಸೇವೆ ಮುಗಿಸಿ, ಓದಲೆಂದು ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಹುಡುಗ. ಅಲ್ಲಿ ಗೆಳೆಯರೊಡನೆ ಸೇರಿ ಹಳೆಯ ಕಾರೊಂದಕ್ಕೆ ಅಮೆರಿಕದ ವಿ-8 ಎಂಜಿನು ಕೂರಿಸಿ ವೇಗದ ಕಾರು ಕಟ್ಟುವ ಹಂಬಲ ಅವನದು. "ಅಂಕಲ್, ಏಳು ಲೀಟರ್ ಎಂಜಿನನ್ನ ಸ್ಮಾಲ್ ಬ್ಲಾಕ್ ಅಂತ ಯಾಕೆ ಕರೀತಾರೆ?" ಎಂದನು. ವೈದ್ಯನಿಗೆ ಈ ಪ್ರಶ್ನೆ ಏಕೆಂದರೆ, ನಮ್ಮ ತಂದೆಯವರ ಹಳೆಯ ಡಾಲ್ಫಿನ್ ಕಾರಿನ ಕಥೆಯನ್ನು ನಾವು ಅವನಿಗೆ ಹಿಂದೊಮ್ಮೆ ಹೇಳಿದ್ದೆವು. ಅದೇ ವಾರ ಬೆಂಗಳೂರಿನಿಂದ ನಮ್ಮ ತಮ್ಮನೂ ಇಂಥದ್ದೇ ಪ್ರಶ್ನೆಯೊಂದನ್ನು ಮುಂದಿಟ್ಟಿದ್ದನು. ಎರಡಕ್ಕೂ ಉತ್ತರ ಹುಡುಕುತ್ತ ಹೋದಾಗ ದೊರೆತದ್ದು ಈ ಬರಹ.

ಸ್ಮಾಲ್ ಬ್ಲಾಕ್ ಎಂಬಲ್ಲಿ ಸಣ್ಣದಾಗಿರುವುದು ಸಿಲಿಂಡರುಗಳ ಒಳಗಿನ ಪೊಳ್ಳಲ್ಲ, ಹೊರಗಿನ ಕಬ್ಬಿಣದ ಅಚ್ಚು. 1955ರಲ್ಲಿ ಷೆವರ್ಲೆ ಕಂಪನಿ, ಎಡ್ ಕೋಲ್ ಎಂಬ ಮುಖ್ಯ ಎಂಜಿನಿಯರರ ಮುಂದಾಳತ್ವದಲ್ಲಿ, 265 ಘನ ಅಂಗುಲದ ವಿ-8 ಎಂಜಿನನ್ನು ಹೊರತಂದಿತು. ನಮ್ಮ ಲೆಕ್ಕದಲ್ಲಿ 4.3 ಲೀಟರು. ಒಂದು ಸಿಲಿಂಡರಿನ ನಡುಬಿಂದುವಿನಿಂದ ಪಕ್ಕದ ಸಿಲಿಂಡರಿನ ನಡುಬಿಂದುವಿಗೆ ಅವರು ಇಟ್ಟ ಅಂತರ 4.4 ಅಂಗುಲ, ಅಂದರೆ ಸುಮಾರು 112 ಮಿ.ಮೀ. ಬ್ಲಾಕಿನ ಉದ್ದವನ್ನು ನಿರ್ಧರಿಸುವುದು ಈ ಅಂತರ. ಮುಂದೆ ಅದೇ ಕಂಪನಿ ಹೆಚ್ಚು ಅಗಲದ, ಹೆಚ್ಚು ಭಾರದ ಮತ್ತೊಂದು ಎಂಜಿನ್ ಕುಟುಂಬವನ್ನು ಮಾಡಿದಾಗ ಅದು ಬಿಗ್ ಬ್ಲಾಕ್ ಆಯಿತು, ಹಳೆಯದು ಸ್ಮಾಲ್ ಬ್ಲಾಕ್ ಆಯಿತು. ಮನೆಗೆ ಎರಡನೆಯ ಮಗು ಬಂದ ಮೇಲೆ ಮೊದಲನೆಯದಕ್ಕೆ ದೊಡ್ಡವನೆಂಬ ಹೆಸರು ಬರುವಂತೆಯೇ. ಇಲ್ಲಿ ಮಾತ್ರ ತಿರುವುಮುರುವು.

ಆ 4.4 ಅಂಗುಲದೊಳಗೇ ಎಂಜಿನು ಬೆಳೆಯುತ್ತ ಹೋಯಿತು. 1957ರಲ್ಲಿ 283 ಘನ ಅಂಗುಲ, 1962ರಲ್ಲಿ 327, 1967ರಲ್ಲಿ 350, 1970ರಲ್ಲಿ 400. ಹೊರಗಿನ ಅಳತೆ ಹೆಚ್ಚುಕಡಿಮೆ ಅದೇ, ಒಳಗಿನ ಗಾತ್ರ ಮಾತ್ರ 4.3 ಲೀಟರಿನಿಂದ 6.6 ಲೀಟರಿಗೆ ಏರಿತು. ಹೀಗೆ ಬೆಳೆಯಲು ದಾರಿಗಳು ಎರಡೇ. ಸಿಲಿಂಡರಿನ ಬಾಯನ್ನು ಅಗಲಿಸುವುದು ಒಂದು, ಅದಕ್ಕೆ ಬೋರು ಎನ್ನುತ್ತಾರೆ. ಪಿಸ್ಟನ್ನು ಏರಿಳಿಯುವ ದೂರವನ್ನು ಹೆಚ್ಚಿಸುವುದು ಇನ್ನೊಂದು, ಅದು ಸ್ಟ್ರೋಕು. ಬೋರಿನ ಗುಣ ವಿಚಿತ್ರ: ಅಗಲ ಸ್ವಲ್ಪ ಹೆಚ್ಚಿದರೂ ಗಾತ್ರ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಆದ್ದರಿಂದಲೇ ಎಲ್ಲರ ಆಸೆಯೂ ಮೊದಲು ಬೋರಿನ ಮೇಲೆ ಬೀಳುತ್ತದೆ.

ಆಸೆಗೆ ಬೆಲೆಯೂ ಇದೆ. 1955ರ ಎಂಜಿನಿನಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರುಗಳ ನಡುವೆ ಉಳಿದಿದ್ದ ಜಾಗ ಸುಮಾರು 16 ಮಿ.ಮೀ. ಅದರಲ್ಲಿ ಕಬ್ಬಿಣದ ಗೋಡೆಗಳೂ ಇದ್ದವು, ನೀರು ಹರಿಯುವ ದಾರಿಯೂ ಇತ್ತು. 1970ರ 400ರಲ್ಲಿ ಉಳಿದದ್ದು ಬರಿಯ 7 ಮಿ.ಮೀ. ನೀರಿಗೆ ಅಲ್ಲಿ ಎಡೆಯಿಲ್ಲ. ಸಿಲಿಂಡರುಗಳನ್ನು ಸಯಾಮಿ ಅವಳಿಗಳಂತೆ ಒಂದಕ್ಕೊಂದು ಅಂಟಿಸಿಯೇ ಎರಕ ಹೊಯ್ಯಬೇಕಾಯಿತು. ನಡುವೆ ಕಟ್ಟಿಕೊಳ್ಳುವ ಆವಿ ಹೊರಬೀಳಲೆಂದು ಬ್ಲಾಕಿನಲ್ಲಿಯೂ ಹೆಡ್ಡಿನಲ್ಲಿಯೂ ಸಣ್ಣ ರಂಧ್ರಗಳನ್ನು ಕೊರೆದರು. ಈ ರಂಧ್ರಗಳಿಲ್ಲದ ಬೇರೊಂದು ಹೆಡ್ಡನ್ನು ಅರಿಯದೆ 400ರ ಮೇಲೆ ಕೂರಿಸಿ, ಎಂಜಿನು ಕಾದು ಕೆಟ್ಟಿತೆಂದು ಗೋಳಾಡಿದವರು ಬಹಳ ಮಂದಿ.

ಇಲ್ಲಿ ನಮ್ಮ ವೃತ್ತಿಯ ಒಂದು ಮಾತನ್ನು ಹೇಳದಿರಲಾರೆವು. "ಹೃದಯ ದೊಡ್ಡದಾಗಿದೆ" ಎಂದು ನಾವು ಹೇಳಿದಾಗ, ದೊಡ್ಡದಾದರೆ ಒಳ್ಳೆಯದಲ್ಲವೇ ಎಂದು ಮುಗ್ಧವಾಗಿ ಕೇಳಿದ ಬಂಧುಗಳುಂಟು. ಹೃದಯದ ಕೋಣೆ ಹಿಗ್ಗಿ ಗೋಡೆ ತೆಳುವಾದರೆ ಆ ಗೋಡೆಯ ಮೇಲೆ ಬೀಳುವ ಒತ್ತಡ ಏರುತ್ತದೆ. ಲಾಪ್ಲಾಸನ ನಿಯಮ ಎಂದು ವೈದ್ಯಕೀಯದ ಮೊದಲ ವರ್ಷವೇ ನಮಗೆ ಕಲಿಸಿದ್ದು ಇದನ್ನೇ. ಓಟಗಾರನ ಹೃದಯದಲ್ಲಿ ಕೋಣೆಯ ಜೊತೆಗೆ ಗೋಡೆಯೂ ಬೆಳೆಯುತ್ತದೆ. ರೋಗಿಯ ಹೃದಯದಲ್ಲಿ ಕೋಣೆ ಮಾತ್ರ ಹಿಗ್ಗುತ್ತದೆ. 2006ರ ಕಾರ್ವೆಟ್ ಜ಼ಡ್06 ಕಾರಿಗೆ ಬಂದ ಎಲ್‌ಎಸ್7 ಎಂಜಿನನ್ನು ನಾವು ಮೊದಲನೆಯ ಬಗೆಗೆ ಸೇರಿಸುತ್ತೇವೆ. ಏಳು ಲೀಟರು, 505 ಅಶ್ವಶಕ್ತಿ, ಆದರೆ ಅಂತರ ಅದೇ 1955ರ 4.4 ಅಂಗುಲ. ಅಲ್ಯೂಮಿನಿಯಮ್ ಬ್ಲಾಕು, ಒಳಗೆ ಒತ್ತಿ ಕೂರಿಸಿದ ಗಟ್ಟಿ ಲೈನರುಗಳು, ಟೈಟಾನಿಯಮ್ಮಿನ ಕನೆಕ್ಟಿಂಗ್ ರಾಡುಗಳು. ಗಾತ್ರ ಬೆಳೆದಷ್ಟೂ ಗೋಡೆಯ ಬಲವನ್ನೂ ಬೆಳೆಸಿಕೊಂಡ ಎಂಜಿನದು. ಹುಡುಗನ ಪ್ರಶ್ನೆಗೆ ಇಷ್ಟು ಉತ್ತರ.

ಆದರೆ ದೊಡ್ಡ ಎಂಜಿನೇ ಗೆಲ್ಲುತ್ತದೆಂಬ ನಂಬಿಕೆಯನ್ನು ಪರೀಕ್ಷಿಸಲು ಅವನು ಆಸ್ಟ್ರೇಲಿಯಾದವರೆಗೆ ಹೋಗಬೇಕಿಲ್ಲ. ವುಡ್‌ಲ್ಯಾಂಡ್ಸ್‌ನಿಂದ ಅರ್ಧ ಗಂಟೆಯ ದಾರಿಯ ಅಪ್ಪರ್ ಥಾಮ್ಸನ್ ರಸ್ತೆಯಲ್ಲಿ 1961ರಿಂದ 1973ರವರೆಗೆ ಕಾರುಗಳ ಗ್ರ್ಯಾನ್ ಪ್ರಿ ಸ್ಪರ್ಧೆ ನಡೆಯುತ್ತಿತ್ತು. ಸುತ್ತು ಐದು ಕಿಲೋಮೀಟರಿಗೆ ತುಸು ಕಡಿಮೆ. ನೇರ ಓಟಕ್ಕಿಂತ ತಿರುವುಗಳೇ ಪ್ರಸಿದ್ಧ. 1961ರ ಮೊದಲ ಸ್ಪರ್ಧೆಯನ್ನು ಇಯಾನ್ ಬಾರ್ನ್‌ವೆಲ್ ಗೆದ್ದದ್ದು ಹತ್ತಿರ ಹತ್ತಿರ ಮೂರು ಲೀಟರಿನ ಆಸ್ಟನ್ ಮಾರ್ಟಿನ್ನಿನಲ್ಲಿ. ಮರುವರ್ಷ ಯೋಂಗ್ ನಾಮ್ ಕೀ ಗೆದ್ದದ್ದು 3.8 ಲೀಟರಿನ ಜಾಗ್ವಾರ್ ಇ-ಟೈಪಿನಲ್ಲಿ. ಲೀಟರುಗಳು ಏರುತ್ತಲೇ ಹೋಗುವುವೆಂದು ಎಣಿಸುವಷ್ಟರಲ್ಲಿ, 1963ರಲ್ಲಿ ಹಾಂಗ್‌ಕಾಂಗಿನ ಆಲ್ಬರ್ಟ್ ಪೂನ್ ಲೋಟಸ್ 23 ಎಂಬ, ಜಾಗ್ವಾರಿನ ಅರ್ಧದಷ್ಟೂ ಎಂಜಿನಿಲ್ಲದ ಹಗುರ ಕಾರಿನಲ್ಲಿ ಬಂದು ಗೆದ್ದರು. 1965ರಲ್ಲಿ ಅದೇ ಬಗೆಯ ಕಾರಿನಲ್ಲಿ ಮತ್ತೊಮ್ಮೆ ಗೆದ್ದರು. ತಿರುವಿನ ದಾರಿಯಲ್ಲಿ ಹಗುರವಾದದ್ದು ಬ್ರೇಕನ್ನು ತಡವಾಗಿ ಹಾಕಬಲ್ಲದು, ಬೇಗ ಹೊರಳಬಲ್ಲದು. ಆ ರಸ್ತೆಯಲ್ಲಿ ಇಂದು ನಾವೆಲ್ಲ ಮಕ್ಕಳನ್ನು ಕೂರಿಸಿಕೊಂಡು ಸಾವಧಾನವಾಗಿ ಹೋಗುತ್ತೇವೆ.

1990ರಲ್ಲಿ ಈ ದೇಶ ಕಾರು ಕೊಳ್ಳುವ ಹಕ್ಕನ್ನೇ ಹರಾಜಿಗಿಟ್ಟಾಗಲೂ ವರ್ಗೀಕರಣಕ್ಕೆ ಸಿ.ಸಿ.ಯನ್ನೇ ಅಳತೆಗೋಲಾಗಿ ಹಿಡಿಯಿತು. ಟರ್ಬೋ ಜೋಡಿಸಿದ ಸಣ್ಣ ಎಂಜಿನುಗಳು ದೊಡ್ಡವುಗಳ ಬಲವನ್ನು ಕೊಡಲಾರಂಭಿಸಿದ ಮೇಲೆ, 2014ರಲ್ಲಿ 1600 ಸಿ.ಸಿ.ಯ ಗೆರೆಯ ಜೊತೆಗೆ 97 ಕಿಲೋವ್ಯಾಟ್ ಎಂಬ ಇನ್ನೊಂದು ಗೆರೆಯನ್ನೂ ಎಳೆಯಬೇಕಾಯಿತು. ಗಾತ್ರವೊಂದೇ ಬಲವನ್ನು ಹೇಳದೆಂದು ಸರಕಾರವೇ ಒಪ್ಪಿಕೊಂಡ ದಿನ ಅದು.

ಇನ್ನು ನಮ್ಮ ಬೆಂಗಳೂರಿಗೆ ಬರೋಣ. ಎಂಜಿನಿನ ಆಯ್ಕೆಯ ಸಂಕಟ ಆ ಊರಿಗೆ ಹೊಸತಲ್ಲ. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸಗೊಳಿಸಿ, 1961ರ ಜೂನ್ 17ರಂದು ಎಚ್.ಎ.ಎಲ್.ನಿಂದ ಮೊದಲು ಹಾರಿದ ಮಾರುತ್ ವಿಮಾನದ ಮೈಕಟ್ಟು ಶಬ್ದದ ವೇಗವನ್ನು ಮೀರುವಂಥದ್ದು. ಅದಕ್ಕೆ ತಕ್ಕ ಎಂಜಿನು ಮಾತ್ರ ಕೊನೆಯವರೆಗೂ ದೊರೆಯಲಿಲ್ಲ. ಇದ್ದ ಎರಡು ಆರ್ಫಿಯಸ್ ಎಂಜಿನುಗಳಲ್ಲಿಯೇ ಅದು ಬಾಳಿ ಮುಗಿಯಿತು.

ನೆಲದ ಮೇಲಿನ ಕಥೆ ಸಿಪಾನಿಯವರದು. ಬೆಂಗಳೂರಿನಲ್ಲಿ ಬಾದಲ್ ಎಂಬ ಮೂರು ಚಕ್ರದ, 198 ಸಿ.ಸಿ. ಕಾರನ್ನು ಮಾಡಿದವರು ಅವರು. 1982ರಲ್ಲಿ ಅವರು ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರನ್ನು ಡಾಲ್ಫಿನ್ ಎಂಬ ಹೆಸರಿನಲ್ಲಿ ತಂದರು. ಉಕ್ಕಿನ ಚಾಸಿಯ ಮೇಲೆ ಫೈಬರ್‌ಗ್ಲಾಸಿನ ಮೈ, ಎರಡೇ ಬಾಗಿಲು. ಮುಂದೆ ಅಲ್ಯೂಮಿನಿಯಮ್ಮಿನ 848 ಸಿ.ಸಿ. ಎಂಜಿನು, ಓಡಿಸುವುದು ಹಿಂದಿನ ಚಕ್ರಗಳನ್ನು. ತೂಕ ಐನೂರರಿಂದ ಆರುನೂರು ಕಿಲೋಗ್ರಾಂ ನಡುವೆ. ಆಗಿನ ಅಂಬಾಸಡರ್ ಅದರ ಸುಮಾರು ಎರಡರಷ್ಟು ತೂಗುತ್ತಿತ್ತು.

ಈ ಎಂಜಿನೂ ಒಂದು ಸ್ಮಾಲ್ ಬ್ಲಾಕೇ ಎಂಬುದು ನಮಗೆ ತಿಳಿದದ್ದು ತೀರ ಇತ್ತೀಚೆಗೆ. 1962ರಲ್ಲಿ ಅದು ಹುಟ್ಟಿದ್ದು 598 ಸಿ.ಸಿ.ಯಾಗಿ; ಬೋರು 55.88 ಮಿ.ಮೀ., ಸ್ಟ್ರೋಕು 60.96. ಬೋರು 60.5ಕ್ಕೆ ಏರಿದಾಗ 701 ಸಿ.ಸಿ., 62.5ಕ್ಕೆ ಏರಿದಾಗ 748. ಅಲ್ಲಿಗೆ ಬೋರನ್ನು ಅಗಲಿಸುವುದನ್ನು ನಿಲ್ಲಿಸಿ ಸ್ಟ್ರೋಕನ್ನು 69.09ಕ್ಕೆ ಏರಿಸಿದರು, 848 ಆಯಿತು. ಡೆಟ್ರಾಯಿಟಿನವರು ಎಂಟು ಸಿಲಿಂಡರುಗಳಲ್ಲಿ ಆಡಿದ ಆಟವನ್ನೇ ಟ್ಯಾಮ್‌ವರ್ತಿನವರು ನಾಲ್ಕು ಪುಟ್ಟ ಸಿಲಿಂಡರುಗಳಲ್ಲಿ ಆಡಿದ್ದರು. ಕಿಟನ್ನಿನಲ್ಲಿ ಅದು ಕೊಡುತ್ತಿದ್ದದ್ದು 40 ಅಶ್ವಶಕ್ತಿ, 1089 ಸಿ.ಸಿ.ಯ ಪದ್ಮಿನಿಗೆ ಸರಿಸಮ. ತೂಕ ಕಡಿಮೆಯಾದ್ದರಿಂದ ಡಾಲ್ಫಿನ್ನನ್ನು ರ‍್ಯಾಲಿಗಳಿಗೂ ಸ್ಪರ್ಧೆಗಳಿಗೂ ಆರಿಸಿಕೊಂಡವರಿದ್ದರು. 1983ರ ಕೊನೆಯಲ್ಲಿ ಮಾರುತಿ 800 ಬಂದಿತು. ಮನೆಮಂದಿಯೆಲ್ಲ ಹತ್ತಿ ಇಳಿಯಬೇಕಾದ ನಮ್ಮ ದೇಶದಲ್ಲಿ ಎರಡು ಬಾಗಿಲಿನ ಕಾರು ಅದರೆದುರು ನಿಲ್ಲಲಿಲ್ಲ. ಮೊಂಟಾನಾ ಎಂದು ನಾಲ್ಕು ಬಾಗಿಲು ಇಟ್ಟು ನೋಡಿದರು. ಕಾಲ ಮಿಂಚಿತ್ತು.

ನಮ್ಮ ತಂದೆಯವರು ಕೊಂಡ ಡಾಲ್ಫಿನ್ ಹಲವು ವರ್ಷ ನಮ್ಮನ್ನು ಶಾಲೆಗೆ ಬಿಟ್ಟಿತು. ಅದನ್ನು ಕೆಡಿಸಿದವರು ನಾವೇ. ಅಲ್ಯೂಮಿನಿಯಮ್ ಎಂಜಿನಿಗೆ ಕೂಲೆಂಟನ್ನೇ ಹಾಕಬೇಕೆಂಬುದನ್ನು ಕಡೆಗಣಿಸಿ ವರ್ಷಗಟ್ಟಲೆ ಕೊಳವೆಬಾವಿಯ ನೀರು ಸುರಿದೆವು. ಒಂದು ಬೇಸಿಗೆಯಲ್ಲಿ ನಾವೇ ಓಡಿಸುತ್ತಿದ್ದಾಗ, ತಾಪದ ಮುಳ್ಳು ಕೆಂಪು ಮುಟ್ಟಿದ್ದನ್ನು ಕಂಡೂ ನಿಲ್ಲಿಸದೆ ಮನೆ ಸೇರಿಸಿದೆವು. ಆಗ ನಮಗೆ ಇಪ್ಪತ್ತು. ತಂದೆಯವರು ಒಂದು ಮಾತೂ ಬೈಯಲಿಲ್ಲ. ಕಾರು ಷೆಡ್ಡು ಸೇರಿತು.

ಈಗ ತಮ್ಮನ ಮಗ ಅದನ್ನು ಎಬ್ಬಿಸಬೇಕೆಂದಿದ್ದಾನೆ. ಅವನ ಯೋಜನೆಯಂತೆ ಹಳೆಯ ಎಂಜಿನು ಗುಜರಿಗೆ. ಅದರ ಜಾಗಕ್ಕೆ ಮಾರುತಿ ಜಿಪ್ಸಿಯ 1298 ಸಿ.ಸಿ., 16 ವಾಲ್ವಿನ ಎಂಜಿನು. ಅಶ್ವಶಕ್ತಿ 80, ಸರಿಯಾಗಿ ಇಮ್ಮಡಿ. ಜಿಪ್ಸಿಯದು ಉದ್ದುದ್ದ ಕೂರುವ ಎಂಜಿನಾದ್ದರಿಂದ ಡಾಲ್ಫಿನ್ನಿಗೆ ಒಪ್ಪುತ್ತದೆಂಬ ಅವನ ಲೆಕ್ಕವೂ ತಪ್ಪಲ್ಲ. "ದೊಡ್ಡಪ್ಪ, ನೀವು ಅಜ್ಜನ್ನ ಒಪ್ಪಿಸಿ" ಎಂದು ನಮಗೆ ವಹಿಸಿದನು. ತಂದೆಯವರು ಈಗ ಇಲ್ಲಿ, ನಮ್ಮೊಡನೆ ಇದ್ದಾರೆ. ದೃಷ್ಟಿ ಮಂದವಾಗಿದೆ.

ಹುಡುಗರಿಬ್ಬರಿಗೂ ನಾವು ಬರೆದದ್ದು ಒಂದೇ ಮಾತು. ಎಂಜಿನನ್ನು ಕೊನೆಗೆ ಆರಿಸಿರಿ. ಕಾರಿನ ತೂಕವೆಷ್ಟು, ಗೇರ್‌ಬಾಕ್ಸೂ ಹಿಂದಿನ ಆಕ್ಸಲೂ ಎಷ್ಟು ಸೆಳೆತವನ್ನು ತಾಳುತ್ತವೆ, ಬ್ರೇಕು ಯಾವ ಬಗೆಯದು, ರೇಡಿಯೇಟರಿಗೆ ಎಷ್ಟು ಜಾಗವಿದೆ ಎಂಬುದನ್ನು ಮೊದಲು ಬರೆದಿಡಿ. ಆಸ್ಟ್ರೇಲಿಯಾದ ಹುಡುಗನ ಕಾರು ವಿ-8ಕ್ಕೆಂದೇ ಹುಟ್ಟಿದ್ದು. ಅವನಿಗೆ 350 ಸಾಕೆಂದೆವು. ಬಿಡಿಭಾಗ ಸುಲಭ, ಗೋಡೆ ದಪ್ಪ, ಓದುವ ಹುಡುಗನ ಕೈಗೆ ಎಟುಕುವ ಬೆಲೆ. ಡಾಲ್ಫಿನ್ನಿನ ನಾಲ್ಕೂ ಚಕ್ರಗಳಲ್ಲಿರುವುದು ಡ್ರಮ್ ಬ್ರೇಕುಗಳು, 40 ಅಶ್ವಶಕ್ತಿಗೆ ಅಳೆದು ಮಾಡಿದಂಥವು. ನೋಂದಣಿಯ ಪತ್ರದಲ್ಲಿನ ಎಂಜಿನ್ ಸಂಖ್ಯೆ ಬದಲಾಗಬೇಕಾದರೆ ಆರ್.ಟಿ.ಒ. ಅನುಮತಿಯೂ ಬೇಕು. ಮೇಲಾಗಿ ಆ ಹಳೆಯ ಎಂಜಿನಿನದು ವೆಟ್ ಲೈನರು. ಲೈನರುಗಳನ್ನು ಹೊರತೆಗೆದು ಹೊಸತನ್ನು ಕೂರಿಸಿದರೆ ಬ್ಲಾಕಿಗೆ ಮರುಜನ್ಮ. ಇಂಗ್ಲೆಂಡಿನ 750 ಫಾರ್ಮುಲಾ ಎಂಬ ಸ್ಪರ್ಧೆ ಹಿಂದೆ ವರ್ಷಗಟ್ಟಲೆ ಈ ಎಂಜಿನಿನಿಂದ ನಡೆದಿದ್ದರಿಂದ ಬಿಡಿಭಾಗಗಳಿಗೆ ಬರವಿಲ್ಲ. ತಂದೆಯವರನ್ನು ಒಪ್ಪಿಸಲು ಹೊರಟ ನಾವು, ಹೀಗೆ ತಮ್ಮನ ಮಗನನ್ನೇ ಒಪ್ಪಿಸಿದೆವು. ನಾವು ಕೆಡಿಸಿದ ಎಂಜಿನೆಂಬ ಅಳುಕೂ ಆ ವಾದದ ಹಿಂದೆ ಇತ್ತೆಂದು ಒಪ್ಪಿಕೊಳ್ಳುತ್ತೇವೆ.

ಲೈನರುಗಳು ಬಂದವು. ಕೆಲಸ ನಾಲ್ಕು ತಿಂಗಳು ಹಿಡಿಯಿತು. ಕಳೆದ ತಿಂಗಳ ಒಂದು ರಾತ್ರಿ ಬೆಂಗಳೂರಿನಿಂದ ಫೋನು ಬಂತು. ತಂದೆಯವರ ಕಿವಿಯ ಬಳಿ ಹಿಡಿದೆವು. ಎಂಜಿನು ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಅವರು ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿಸಿಕೊಂಡರು.

"ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೀತಾ ಇದೆಯಪ್ಪ. ಪ್ಲಗ್ಗಿನ ವೈರು ನೋಡೋಕೆ ಹೇಳು" ಎಂದರು.

ನೋಡಿದರೆ, ಒಂದು ವೈರು ಸಡಿಲವಾಗಿಯೇ ಇತ್ತು.