ಇಳಿಹರಾಜಿನ ಎಲ್ಲೆ

ಹರಾಜೆಂಬುದು ಕನ್ನಡನಾಡಿಗೆ ಹೊಸದಲ್ಲ. ಯಶವಂತಪುರದ ಕೃಷಿ ಮಾರುಕಟ್ಟೆಯ ಹರಾಜಿನಲ್ಲಿ ಮಾರುವವನೊಬ್ಬ, ಕೊಳ್ಳುವವರು ಹಲವರು. ಬೆಲೆಯು ಏರುತ್ತ ಹೋಗುತ್ತದೆ. ಇಳಿಹರಾಜಿನಲ್ಲಿ ಈ ಕ್ರಮವು ತಲೆಕೆಳಗಾಗುವುದು. ಕೊಳ್ಳುವುದು ಸರ್ಕಾರವೊಂದೇ, ಒದಗಿಸುವವರು ಪರಸ್ಪರ ಸ್ಪರ್ಧಿಸಿ ಬೆಲೆಯನ್ನು ತಗ್ಗಿಸುತ್ತಾರೆ, ಗೊತ್ತಾದ ಕಾಲವು ಮುಗಿದಾಗ ಅತ್ಯಂತ ಕಡಮೆ ಹೇಳಿದವನಿಗೆ ಜಯ. ಈ ಪದ್ಧತಿಗೆ ಎಲ್ಲೆ ಹಾಕಬೇಕಾದುದೇಕೆಂಬುದು ವಿಚಾರಾರ್ಹವಾದ ವಿಷಯ.

ಅಗ್ಗದ ಬೆಲೆಗೆ ಮನ್ನಣೆ ದೊರೆತುದು ನಿಷ್ಕಾರಣವಾಗಿ ಅಲ್ಲ. ಅಧಿಕಾರಿಯ ಇಷ್ಟಕ್ಕೆ ಅವಕಾಶ ಹೆಚ್ಚಿದಂತೆಲ್ಲ ಪಕ್ಷಪಾತಕ್ಕೂ ಆಸ್ಪದವುಂಟು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು ಈ ದೋಷವನ್ನು ತಡೆಯುವ ಉದ್ದೇಶದಿಂದಲೇ ಹುಟ್ಟಿತು. ಬೆಲೆಯೆಂಬ ಅಂಕೆಯು ಎಲ್ಲರ ಕಣ್ಣಿಗೂ ಒಂದೇ ಆಗಿ ಕಾಣತಕ್ಕದ್ದಾದುದರಿಂದ, ಅದು ನಿಷ್ಪಕ್ಷಪಾತದ ಗುರುತಾಗಿ ನಿಂತಿತು.

ಆದರೆ ಆ ಅಂಕೆಯು ಎಲ್ಲವನ್ನೂ ಹೇಳಲಾರದು. ಯಲಹಂಕದಲ್ಲಿ 1984ರಲ್ಲಿ ಸ್ಥಾಪಿತವಾದ ರೈಲು ಗಾಲಿ ಕಾರ್ಖಾನೆಯ ಕಾರ್ಯಕ್ರಮವನ್ನು ದೃಷ್ಟಾಂತವಾಗಿ ನೋಡಬಹುದು. ಅಲ್ಲಿ ಹಳೆಯ ಉಕ್ಕಿನ ಚೂರುಗಳನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟ್ ಅಚ್ಚುಗಳಲ್ಲಿ ಗಾಲಿಗಳನ್ನು ಎರಕಹೊಯ್ಯುತ್ತಾರೆ. ಉಕ್ಕಿನ ಚೂರನ್ನು ತೂಗಬಹುದು, ಅದರ ಲಕ್ಷಣವನ್ನು ಮೊದಲೇ ಬರೆದಿಡಬಹುದು. ಇಂಥ ವಸ್ತುವಿಗೆ ಬೆಲೆಯ ಪೈಪೋಟಿಯು ಸಲ್ಲುವುದು. ಗಾಲಿಯ ಒಡಲೊಳಗಣ ಬಿರುಕಾದರೋ ಬರಿಗಣ್ಣಿಗೆ ಕಾಣದು. ಅದನ್ನು ಪರೀಕ್ಷೆಯಿಂದ ಹಿಡಿಯಬಹುದಾದರೂ, ಬಿರುಕು ಹುಟ್ಟದಂತೆ ಕಾಯುವ ಎಚ್ಚರಿಕೆಯನ್ನು ರೂಪಾಯಿಗಳಲ್ಲಿ ಎಣಿಸುವುದು ಅಸಾಧ್ಯ.

ನಿಯಮಗಳೂ ಈ ಭೇದವನ್ನೇ ಅನುಸರಿಸಿವೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 167ನೆಯದು ಇಳಿಹರಾಜಿಗೆ ಮೂರು ನಿಬಂಧನೆಗಳನ್ನು ವಿಧಿಸುತ್ತದೆ: ವಸ್ತುವಿನ ವಿವರವಾದ ವರ್ಣನೆ ಸಾಧ್ಯವಿರಬೇಕು, ಅರ್ಹ ಸ್ಪರ್ಧಿಗಳಿಂದ ನಿಜವಾದ ಪೈಪೋಟಿ ನಡೆಯುವಂತಿರಬೇಕು, ಆಯ್ಕೆಯ ಅಳತೆಗಳು ಹಣದಲ್ಲಿ ಹೇಳುವಂಥವಾಗಿರಬೇಕು. ಮೂರನೆಯದೇ ಇವುಗಳಲ್ಲಿ ಪ್ರಧಾನವಾದುದು. ವಿಶ್ವಸಂಸ್ಥೆಯ ವಾಣಿಜ್ಯ ಕಾನೂನು ಆಯೋಗದ 2011ರ ಮಾದರಿ ಕಾನೂನಿನಲ್ಲಿಯೂ ಇದೇ ತತ್ತ್ವವುಂಟು. ಅಮೆರಿಕಾ ಸಂಯುಕ್ತ ಸಂಸ್ಥಾನವು 2017ನೆಯ ಹಣಕಾಸು ವರ್ಷದ ರಕ್ಷಣಾ ಶಾಸನದಲ್ಲಿ, ಕೆಟ್ಟರೆ ಯೋಧರ ಪ್ರಾಣಕ್ಕೆ ಅಪಾಯ ತರುವ ರಕ್ಷಾಕವಚಗಳ ಖರೀದಿಗೆ ಇಳಿಹರಾಜನ್ನು ನಿಷೇಧಿಸಿತು. ಭಾರತದಲ್ಲಿ 2021ರ ಅಕ್ಟೋಬರಿನಲ್ಲಿ ಹಣಕಾಸು ಮಂತ್ರಾಲಯವು, ಗೊತ್ತುಮಾಡಿದ ಸಂದರ್ಭಗಳಲ್ಲಿ, ಕಾಮಗಾರಿಗಳ ಟೆಂಡರಿನಲ್ಲಿಯೂ ಗುಣಕ್ಕೆ ಶೇಕಡ 30ರವರೆಗೆ ತೂಕ ಕೊಡಬಹುದೆಂದು ಸೂಚಿಸಿತು.

ಇದರಿಂದ ಅಧಿಕಾರಿಯ ಸ್ವೇಚ್ಛೆಗೆ ಮತ್ತೆ ಬಾಗಿಲು ತೆರೆದಂತಾಗಲಿಲ್ಲವೆ ಎಂಬ ಆಕ್ಷೇಪವು ಸಹಜವಾದುದು. ಗುಣದ ಅಳತೆಯನ್ನು ಖರೀದಿಗೆ ಮುಂಚೆಯೇ ಸಾರಿ ಹೇಳುವುದು ಇದಕ್ಕೆ ಪರಿಹಾರ. ಅಳತೆಯನ್ನು ಬಚ್ಚಿಡುವುದು ಪಕ್ಷಪಾತ. ಅಳೆಯಬಾರದುದನ್ನು ಬೆಲೆಯಿಂದಲೇ ಅಳೆಯುವುದು ಅವಿವೇಕ. ಈ ಎರಡರ ನಡುವೆಯೇ ಇಳಿಹರಾಜಿನ ಎಲ್ಲೆಯಿರುವುದು.