ಕೊಟ್ಟ ಮಾತು, ಬಾರದ ಕೆಲಸ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಾತೇನೋ ಸರಿ. ಆದರೆ ದಿನದ ದುಡಿಮೆಯನ್ನೇ ನಂಬಿದವನಿಗೆ ಇದು ಅಷ್ಟು ಸುಲಭವಲ್ಲ. ಇಂಥ ದಿನದಿಂದ ಕೆಲಸ ಕೊಡುತ್ತೇವೆಂದು ಒಬ್ಬರು ಮಾತು ಕೊಟ್ಟರೆ, ಆ ದಿನಕ್ಕಾಗಿ ಅವನು ಉಳಿದವರಿಗೆ ಇಲ್ಲವೆನ್ನಲೇಬೇಕಾಗುತ್ತದೆ. ಆಮೇಲೆ ಕೆಲಸವೇ ಬಾರದಿದ್ದರೆ?

ನಮ್ಮ ಸಂಘದ ಕೂಟವೊಂದರಲ್ಲಿ ಈ ಪ್ರಶ್ನೆ ಎದುರಾಯಿತು. ವಿಶಾಖಪಟ್ಟಣದ ಉತ್ತರಕ್ಕೆ, ಋಷಿಕೊಂಡದ ಗುಡ್ಡಗಳ ಮಗ್ಗುಲಲ್ಲಿರುವ ಮಧುರವಾಡ ಈಗ ಕಂಪ್ಯೂಟರ್ ಕಂಪನಿಗಳಿಂದ ಬೆಳೆದಿದೆ. ಅಲ್ಲಿ ಮನೆ ಮಾಡಿರುವ ನಮ್ಮ ಕಡೆಯ ತರುಣನೊಬ್ಬ ಯಾರ ನೌಕರನೂ ಅಲ್ಲ. ಗುತ್ತಿಗೆಯ ಮೇಲೆ ಕೆಲಸ ಮಾಡಿಕೊಡುವವನು. ಆರು ತಿಂಗಳ ಕೆಲಸ, ತಿಂಗಳಿಗೆ ಇಷ್ಟು ಹಣ, ಇಂಥ ದಿನದಿಂದ ಆರಂಭ ಎಂದು ಪತ್ರದಲ್ಲಿ ಒಪ್ಪಂದವಾಗಿತ್ತು. ಅದನ್ನು ನಂಬಿ ಬೇರೆ ಎರಡು ಕೆಲಸ ಬಿಟ್ಟ. ಆರಂಭಕ್ಕೆ ನಾಲ್ಕು ದಿನವಿರುವಾಗ, ಯೋಜನೆ ಕೈಬಿಟ್ಟಿದ್ದೇವೆಂದು ಒಂದು ಸಾಲಿನ ಸಂದೇಶ ಬಂತು. ಕೇಳಿ ನೋಡಬಾರದೇ ಎಂದೆವು. "ಕೆಲಸಾನೇ ಮಾಡಿಲ್ಲ ಸಾರ್, ಇನ್ನು ಯಾವ ಮುಖ ಇಟ್ಕೊಂಡು ದುಡ್ಡು ಕೇಳ್ಲಿ?" ಎಂದ.

ನಾವು ವಕೀಲರಲ್ಲ. ಬಿ.ಎಸ್‌ಸಿ. ಓದಿ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ತಿರುವುವವರು. ಆದರೂ ಆ ತರುಣನ ನಾಚಿಕೆ ಮನಸ್ಸಿಗೆ ಕೊರೆಯಿತು. ಈ ವಿಷಯದ ಚರಿತ್ರೆಯನ್ನು ಹುಡುಕಿ ಓದಿದಾಗ ತಿಳಿದದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ನಮ್ಮ ನಾಡಿನ ಕಥೆ. 1834ರಲ್ಲಿ ಕೊಡಗು ಇಂಗ್ಲಿಷರ ವಶವಾಯಿತು. 1850ರ ದಶಕದಿಂದ ಅಲ್ಲಿ ಬಿಳಿಯರ ಕಾಫಿ ತೋಟಗಳು ಎದ್ದವು. ತೋಟಕ್ಕೆ ಆಳುಗಳನ್ನು ತರುವವನು ಮೇಸ್ತ್ರಿ. ಅವನು ಊರೂರಿಗೆ ಹೋಗಿ ಬಡವರ ಕೈಗೆ ಮುಂಗಡ ಹಣ ಇಡುತ್ತಿದ್ದ. ಹಣ ಪಡೆದವರು ಘಟ್ಟ ಹತ್ತುತ್ತಿದ್ದರು. ಹೀಗೆ ಹೋದವರಲ್ಲಿ ದಕ್ಷಿಣ ಕನ್ನಡದವರೂ ಮೈಸೂರು ಸೀಮೆಯವರೂ ಇದ್ದರು. ನಾವೀಗ ವಾಸವಾಗಿರುವ ವಿಶಾಖಪಟ್ಟಣವೂ ಮಂಗಳೂರೂ ಆಗ ಒಂದೇ ಮದರಾಸು ಪ್ರಾಂತದಲ್ಲಿದ್ದವು. ಈ ಕರಾವಳಿಯಿಂದಲೂ ಸಾವಿರಾರು ತೆಲುಗರು ಮೇಸ್ತ್ರಿಗಳ ಹಿಂದೆ ಹಡಗು ಹತ್ತಿ ಬರ್ಮಾಕ್ಕೆ ಹೋದರು. ಅಲ್ಲಿ ಘಟ್ಟ, ಇಲ್ಲಿ ಕಡಲು; ಮುಂಗಡದ ಹಗ್ಗ ಮಾತ್ರ ಒಂದೇ.

ಈ ಹಗ್ಗಕ್ಕೆ ಗಂಟು ಹಾಕಿದ್ದು 1859ರ ಹದಿಮೂರನೆಯ ಕಾಯಿದೆ. ಮುಂಗಡ ಪಡೆದ ಕೆಲಸಗಾರ ಕೆಲಸಕ್ಕೆ ಬಾರದಿದ್ದರೆ ಧಣಿ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದಿತ್ತು. ಹಣ ತೀರಿಸು, ಇಲ್ಲವೇ ಕೆಲಸ ಮಾಡು ಎಂದು ಆಜ್ಞೆಯಾಗುತ್ತಿತ್ತು. ಅದಕ್ಕೆ ತಪ್ಪಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಮೊದಲು ಕಲ್ಕತ್ತ, ಮದರಾಸು, ಮುಂಬಯಿ ನಗರಗಳಿಗೆಂದು ಮಾಡಿದ ಈ ಕಾನೂನು ಮುಂದೆ ಕೊಡಗಿನ ತೋಟಗಳವರೆಗೂ ಹಬ್ಬಿತು.

ವಾಚಕರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಮಾತಿಗೆ ತಪ್ಪಿದ ಆಳಿಗೆ ಜೈಲು. ಕೆಲಸ ಕೊಡುವೆನೆಂದು ಕರೆಸಿ ಕೈಬಿಟ್ಟ ಧಣಿಗೆ ಆ ಕಾಯಿದೆಯಲ್ಲಿ ಯಾವ ಸಜೆಯೂ ಇರಲಿಲ್ಲ. 1925ರಲ್ಲಿ ಇದು ರದ್ದಾಯಿತು; ಕೊಡಗಿನಲ್ಲಿ ಮಾತ್ರ 1926ರ ಪ್ರತ್ಯೇಕ ಕಾಯಿದೆಯಲ್ಲಿ ಅದರ ನೆರಳು ಇನ್ನೂ ಕೆಲಕಾಲ ಉಳಿಯಿತು. ಕಾಯಿದೆ ಹೋದರೂ ಕೆಲಸ ಕೊಡುವವನು ದೊಡ್ಡವನು, ಕೇಳುವವನು ಋಣಿ ಎಂಬ ಭಾವನೆ ನಮ್ಮಿಂದ ಪೂರ್ತಿ ಹೋಗಿಲ್ಲ. ಆ ತರುಣನ ನಾಚಿಕೆಯ ಬೇರು ಅಲ್ಲಿಯೂ ಇದೆಯೆಂದು ನಮಗೆ ತೋರುತ್ತದೆ.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನ್ಯಾಯ ಇನ್ನೊಂದು ದಾರಿಯಲ್ಲಿ ನಡೆದಿತ್ತು. ಪ್ಲಾಂಶೆ ಎಂಬ ಲೇಖಕನಿಗೆ ಪ್ರಕಾಶಕರು ಮಕ್ಕಳ ಮಾಲೆಗಾಗಿ ಪ್ರಾಚೀನ ಉಡುಪು, ಕವಚಗಳ ಮೇಲೆ ಪುಸ್ತಕ ಬರೆಯಲು 100 ಪೌಂಡಿಗೆ ಒಪ್ಪಿದ್ದರು. ಅವನು ಅರ್ಧ ಬರೆದಿರುವಾಗ ಮಾಲೆಯನ್ನೇ ನಿಲ್ಲಿಸಿದರು. ಪುಸ್ತಕ ಮುಗಿಯದಿದ್ದರೂ 1831ರಲ್ಲಿ ನ್ಯಾಯಾಲಯ ಅವನಿಗೆ 50 ಪೌಂಡು ಕೊಡಿಸಿತು.

ನಮ್ಮ ತರುಣನ ಕಥೆಗೆ ಇನ್ನೂ ಹತ್ತಿರವಾದದ್ದು 1853ರ ತೀರ್ಪು. ಪ್ರವಾಸದಲ್ಲಿ ಜೊತೆಗಿದ್ದು ಎಲ್ಲ ಏರ್ಪಾಟು ನೋಡಿಕೊಳ್ಳಲು ಹಾಕ್‌ಸ್ಟರ್ ಎಂಬವನನ್ನು ಡ ಲ ಟೂರ್ ಎಂಬವನು ಗೊತ್ತುಮಾಡಿದ್ದ. 1852ರ ಜೂನ್ 1ರಿಂದ ಮೂರು ತಿಂಗಳು, ತಿಂಗಳಿಗೆ 10 ಪೌಂಡು. ಮೇ 11ರಂದು, ನೀನು ಬೇಡವೆಂದು ಕಾಗದ ಬಂತು. ಹಾಕ್‌ಸ್ಟರ್ ಮೇ 22ರಂದೇ ದಾವೆ ಹೂಡಿದ. ಜೂನ್ ಬರುವ ಮುಂಚೆ ಮಾತು ತಪ್ಪಿದ್ದು ಹೇಗೆ ಎಂಬುದು ಎದುರು ಪಕ್ಷದ ವಾದ. ನ್ಯಾಯಮೂರ್ತಿ ಲಾರ್ಡ್ ಕ್ಯಾಂಬೆಲ್ ಇದನ್ನು ಒಪ್ಪಲಿಲ್ಲ. ಬೇಡವೆಂದು ಹೇಳಿದಾಗಲೇ ಕರಾರು ಮುರಿದಂತೆ. ಆ ಬಡಪಾಯಿ ಜೂನ್ ತನಕ ಸುಮ್ಮನೆ ಕಾಯಬೇಕಿಲ್ಲ, ಬೇರೆ ಕೆಲಸ ಹುಡುಕಿಕೊಂಡು ನಷ್ಟವನ್ನೂ ಕೇಳಬಹುದು ಎಂಬುದು ತೀರ್ಪಿನ ಸಾರ. ಹಾಕ್‌ಸ್ಟರ್ ಒಂದು ದಿನದ ಕೆಲಸವನ್ನೂ ಮಾಡಿರಲಿಲ್ಲವೆಂಬುದನ್ನು ಮರೆಯಬಾರದು.

1872ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಭಾರತೀಯ ಕರಾರು ಕಾಯಿದೆಯಲ್ಲಿ ಇದೇ ನ್ಯಾಯ ಸೇರಿತು. ಇಂದಿಗೂ ಅದೇ ಕಾಯಿದೆ. ಅದರ 53ನೆಯ ಕಲಮಿನ ಉದಾಹರಣೆಯಲ್ಲಿ ಒಬ್ಬನು ಸಾವಿರ ರೂಪಾಯಿಗೆ ಕೆಲಸ ಒಪ್ಪಿ ಸಿದ್ಧನಾಗಿ ನಿಂತಿದ್ದಾನೆ. ಕೆಲಸ ಕೊಟ್ಟವನೇ ತಡೆಯುತ್ತಾನೆ. ಆಗ ಸಿದ್ಧನಾಗಿದ್ದವನು ಕರಾರನ್ನು ಬಿಟ್ಟು ಆದ ನಷ್ಟವನ್ನು ಕೇಳಬಹುದು. 39ನೆಯ ಕಲಮು ಮಾತಿಗೆ ನಿಲ್ಲುವುದಿಲ್ಲವೆನ್ನುವವನ ವಿಷಯ; 73ನೆಯದು ಪರಿಹಾರದ ಲೆಕ್ಕ.

ಆದರೆ ಕಾನೂನು ಎಲ್ಲ ಆಸೆಯನ್ನೂ ಕರಾರೆಂದು ಎಣಿಸುವುದಿಲ್ಲ. "ನೋಡೋಣ, ಏನಾದರೂ ಕೊಡೋಣ" ಎಂಬುದು ಕರಾರಲ್ಲ. ಯಾವ ಕೆಲಸ, ಎಷ್ಟು ಹಣ, ಯಾವಾಗ ಎಂಬುದು ನಿಶ್ಚಯವಾಗಿರಬೇಕು. ಬಾಯಿಮಾತಿನ ಕರಾರೂ ಕರಾರೇ, ಆದರೆ ಸಾಕ್ಷಿಗೆ ಕಷ್ಟ. ಇಂತಿಷ್ಟು ದಿನದ ನೋಟೀಸು ಕೊಟ್ಟು ಬಿಡಬಹುದೆಂದು ಬರೆದಿದ್ದರೆ ಪರಿಹಾರವೂ ಬಹುಮಟ್ಟಿಗೆ ಅಷ್ಟಕ್ಕೇ ನಿಲ್ಲುತ್ತದೆ. ಕೈಕಟ್ಟಿ ಕೂತು ಪೂರ್ತಿ ಹಣ ಕೇಳುವಂತೆಯೂ ಇಲ್ಲ; ಬೇರೆ ಕೆಲಸ ಹುಡುಕಿದ್ದನ್ನು ತೋರಿಸಬೇಕು. ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು.

ನ್ಯೂಯಾರ್ಕ್ ನಗರದಲ್ಲಿ 2017ರಿಂದ, ಇಂಥ ಸ್ವತಂತ್ರ ಕೆಲಸಗಾರರಿಗೆ 800 ಡಾಲರ್ ಅಥವಾ ಹೆಚ್ಚಿನ ಕೆಲಸ ಕೊಡುವವರು ಬರಹದಲ್ಲಿಯೇ ಕರಾರು ಕೊಡಬೇಕೆಂಬ ಕಾನೂನಿದೆ. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲವಾದ್ದರಿಂದ ಆ ಎಚ್ಚರ ನಮ್ಮ ಮಕ್ಕಳದೇ. ಫೋನಿನಲ್ಲಿ ಮಾತಾದರೆ ಅದೇ ದಿನ "ನಾವು ಒಪ್ಪಿಕೊಂಡದ್ದು ಇದು" ಎಂದು ಬರೆದು ಕಳಿಸಲಿ. ಬಿಟ್ಟ ಕೆಲಸಗಳ ಪತ್ರಗಳನ್ನು ಇಟ್ಟುಕೊಳ್ಳಲಿ. ಕೆಲಸ ತಪ್ಪಿದರೆ ಮೊದಲು ಮರ್ಯಾದೆಯಿಂದ ಕಾಗದ, ಆಮೇಲೆ ವಕೀಲರ ನೋಟೀಸು. ಕೋರ್ಟು ಹತ್ತುವ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್ತಿನಲ್ಲಿ ರಾಜಿಗೂ ಅವಕಾಶವಿದೆ.

ಆ ತರುಣ ಇದನ್ನೆಲ್ಲ ಕೇಳಿ ಒಂದು ಕಾಗದ ಬರೆದಿದ್ದಾನೆ. ಹಣ ಬರುತ್ತದೋ ಇಲ್ಲವೋ ಹೇಳಲಾರೆವು. ಆದರೆ ಈ ಸಲ ಬರೆಯುವಾಗ ಅವನು ತಲೆ ತಗ್ಗಿಸಿರಲಿಲ್ಲ. ಮುಂಗಡದ ಹಗ್ಗದಲ್ಲಿ ಘಟ್ಟ ಹತ್ತಿದ ನಮ್ಮ ಹಿಂದಿನವರಿಗೆ ಕೇಳುವ ಬಾಯಿ ಇರಲಿಲ್ಲ. ಇವನಿಗಿದೆ, ಮಾತು ಕೊಟ್ಟವರೂ ಮಾತಿಗೆ ಬದ್ಧರೆಂಬುದನ್ನು ಅರಿತರೆ ಸಾಕು.